ಎರಡನೆಯ ವೀಕ್ಷಕರು

ಮಾವನಲ್ಲ, ಮಸಿನಗುಡಿ
12 ಜೂನ್ 2024

ಸಿಂಧು,

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ರಜೆ ಬಂದರೆ ನಾವಿಬ್ಬರೂ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆಂದುಕೋ. ನಿಜ ಹೇಳಬೇಕೆಂದರೆ ನನಗೆ ಫೋನಿನಲ್ಲಿ ಮಾತಾಡಲು ಧೈರ್ಯವಿಲ್ಲ. ಆ ಫೋನನ್ನೂ ಕಂಪ್ಯೂಟರಿಗೆ ಸಿಕ್ಕಿಸಿ ಫೋಟೋ ಹಾಕಿಕೊಂಡಿದ್ದೆ, ಈಗ ಅದರ ಮೇಲೂ ನಂಬಿಕೆಯಿಲ್ಲ.

ನಿನ್ನ ತಮ್ಮ ಮನೋಜ್‌ಕುಮಾರನ ಅಂಗಡಿಯಿಂದ ಫೆಬ್ರವರಿಯಲ್ಲಿ ತಂದ ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ. ಹಳೆಯದು ಅನ್ನಿಸುವುದೇ ಇಲ್ಲ. ಶಿಕ್ಷಕರ ಪರೀಕ್ಷೆಗೆ ಒಂದು ಕೋಚಿಂಗ್ ಕಂಪನಿಯ ಪಾಠಗಳನ್ನು ಪೆನ್‌ಡ್ರೈವ್‌ನಲ್ಲಿ ತರಿಸಿಕೊಂಡು ಓದುತ್ತಿದ್ದೇನೆ. ಮಗು ಮಲಗಿದಾಗ ಒಂದು, ಅತ್ತೆ ಅಡುಗೆಮನೆಯಲ್ಲಿದ್ದಾಗ ಒಂದು. ಅದೆಲ್ಲ ಸರಿ.

ಹೋದ ವಾರ ಪುಟ್ಟಿಗೆ ಸ್ನಾನ ಮಾಡಿಸಿ ಟವಲಿನಲ್ಲಿ ಸುತ್ತಿ ತಂದು, ಅವಳು ಸುಮ್ಮನಿರಲೆಂದು ಕಂಪ್ಯೂಟರಿನಲ್ಲಿ ಒಂದು ಹಾಡಿನ ವಿಡಿಯೊ ಹಾಕಿದೆ. ಕ್ಯಾಮೆರಾದ ಪಕ್ಕ ಒಂದು ಪುಟ್ಟ ದೀಪ ಇದೆ ನೋಡು, ಕ್ಯಾಮೆರಾ ನಡೆಯುತ್ತಿದ್ದರೆ ಮಾತ್ರ ಹತ್ತುವುದು, ಅದು ಹತ್ತಿಕೊಂಡಿತ್ತು. ನಾನು ಯಾರಿಗೂ ವಿಡಿಯೊ ಕಾಲ್ ಮಾಡಿರಲಿಲ್ಲ. ಮುಚ್ಚಳ ಹಾಕಿಬಿಟ್ಟೆ. ಮಾರನೆಯ ದಿನ ಮತ್ತೆ. ಏನೇನು ನಡೆಯುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ತೆರೆದರೆ ಅಲ್ಲಿ ಏನೂ ಇಲ್ಲ. ದೀಪ ಮಾತ್ರ ನನ್ನನ್ನೇ ನೋಡುತ್ತಿದೆ.

ಇಲ್ಲಿ ಸಂಜೆಯಾದರೆ ಬೇಲಿಯ ಹತ್ತಿರ ಆನೆ ಬರುತ್ತದೆ. ಬಾಗಿಲು ಹಾಕಿಕೊಂಡರೆ ಮುಗಿಯಿತು, ಹೆದರಿಕೆ ಎಲ್ಲ ಆಚೆ ಎಂದು ನಾನು ಮದುವೆಯಾಗಿ ಬಂದಾಗ ಕಲಿತಿದ್ದೆ. ಈಗ ಬಾಗಿಲು ಹಾಕಿಕೊಳ್ಳುವುದಕ್ಕೇ ಹೆದರಿಕೆಯಾಗುತ್ತದೆ. ಜಗದೀಶ್‌ಗೆ ಇನ್ನೂ ಹೇಳಿಲ್ಲ. ನನ್ನ ಗಂಡನ ಸಿಟ್ಟು ನಿನಗೆ ಗೊತ್ತು.

ಯಾರಾದರೂ ದೂರದಲ್ಲಿ ಕೂತು ಹೀಗೆ ನೋಡಬಹುದೇ? ಮನೋಜನನ್ನು ಕೇಳಿ ಬರೆಯುತ್ತೀಯಾ?

ನಿನ್ನ
ಶೋಭಾ


ಕೆತ್ತಿ, ಊಟಿ
19 ಜೂನ್ 2024

ಶೋಭಾ,

ಕಾಗದ ನೋಡಿದಾಗ ಖುಷಿಯಾಯಿತು, ಓದಿದ ಮೇಲೆ ಅಲ್ಲ. ಕ್ಯಾಮೆರಾದ ಮೇಲೆ ಕಪ್ಪು ಟೇಪ್ ಅಂಟಿಸು, ಇವತ್ತೇ.

ಮನೋಜನನ್ನು ಕೇಳಿದೆ. ಅಂಗಡಿಯಲ್ಲಿ ರಿಪೇರಿಗೆ ಅನುಕೂಲವಾಗಲೆಂದು ದೂರದಿಂದ ಕಂಪ್ಯೂಟರ್ ನೋಡುವ ಒಂದು ಸಾಫ್ಟ್‌ವೇರ್ ಹಾಕಿರುತ್ತಾನಂತೆ. ಆದರೆ ನಿನಗೆ ಕೊಡುವ ಮೊದಲೇ ಅದನ್ನು ತೆಗೆದಿದ್ದೇನೆ ಎನ್ನುತ್ತಾನೆ. "ಅಕ್ಕಾ, ಶೋಭಕ್ಕನ ಕಂಪ್ಯೂಟರ್ ಒಂದ್ಸಲ ಕೊಂಡುಬರಲಿ, ಬಿಚ್ಚಿ ನೋಡ್ತೇನೆ" ಎಂದ. ಊಟಿಗೆ ಬಂದಾಗ ತಾ. ನಾನು ಇಲ್ಲಿ ಪಕ್ಕದ ವೆಲ್ಲಿಂಗ್ಟನ್‌ನಲ್ಲಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ, ಶನಿವಾರವಾದರೆ ನಾನೂ ಇರುತ್ತೇನೆ.

ಜಗದೀಶ್‌ಗೆ ಹೇಳು. ಇಂಥದ್ದನ್ನು ಒಬ್ಬಳೇ ಹೊರಬೇಡ.

ಪುಟ್ಟಿಗೆ ಮುತ್ತು.
ಸಿಂಧುಜಾ


ಮಾವನಲ್ಲ
3 ಜುಲೈ 2024

ಸಿಂಧು,

ಟೇಪ್ ಅಂಟಿಸಿದೆ. ದೀಪ ಟೇಪಿನ ಕೆಳಗೇ ಹತ್ತುತ್ತದೆ, ಅಂಚಿನಲ್ಲಿ ಬೆಳಕು ಕಾಣುತ್ತದೆ. ಕಣ್ಣಿಗೆ ಟೇಪ್ ಹಾಕಬಹುದು, ಅದಕ್ಕೆ ಕಿವಿಯೂ ಇದೆಯಲ್ಲ? ಈಗ ನಾವು ಆ ಕೋಣೆಯಲ್ಲಿ ಪಿಸುಗುಟ್ಟಿ ಮಾತಾಡುತ್ತೇವೆ. ಅತ್ತೆ ಜೋರಾಗಿ ಏನಾದರೂ ಅಂದರೆ ನಾನು ಬೆರಳು ತುಟಿಗಿಟ್ಟು ಸನ್ನೆ ಮಾಡುತ್ತೇನೆ. ಅವರು ನನಗೆ ಗಾಳಿ ಸೋಕಿದೆ ಎಂದುಕೊಂಡಿದ್ದಾರೆ.

ಇನ್ನೊಂದು. ಪುಟ್ಟಿಯ ಹುಟ್ಟುಹಬ್ಬದ ವಿಡಿಯೊವನ್ನು ನನ್ನಮ್ಮನಿಗೆ ಪೆನ್‌ಡ್ರೈವಿಗೆ ಹಾಕಿಕೊಡೋಣವೆಂದು ಹೋದರೆ "ನಕಲು ಮಾಡಲು ನಿಮಗೆ ಅನುಮತಿ ಇಲ್ಲ" ಎಂದು ಬಂತು. ನನ್ನ ಮಗಳು, ನಾನು ತೆಗೆದ ವಿಡಿಯೊ, ನನ್ನ ಕಂಪ್ಯೂಟರ್. ಅನುಮತಿ ಯಾರದು?

ಜಗದೀಶ್‌ಗೆ ಹೇಳಿದೆ. ನಿನ್ನ ಕಾಗದವನ್ನೂ ಕೊಟ್ಟೆ. ದೂರದಿಂದ ನೋಡುವ ಸಾಫ್ಟ್‌ವೇರ್ ಎಂಬ ಮಾತು ಓದಿದ್ದೇ ತಡ, ಮುಖ ಕಪ್ಪಾಯಿತು. ಇವತ್ತು ಪ್ರವಾಸಿಗರನ್ನು ಬಿಡುವುದಿದ್ದರೂ ಜೀಪನ್ನು ಬೇರೆಯವರಿಗೆ ಕೊಟ್ಟು, ಕಲ್ಲಟ್ಟಿ ಘಾಟಿನ ಬಸ್ಸು ಹತ್ತಿ ಊಟಿಗೆ ಹೋಗಿದ್ದಾರೆ. ಕಂಪ್ಯೂಟರ್ ತೆಗೆದುಕೊಂಡು ಹೋಗಿಲ್ಲ.

ನಾನು ತಡೆಯಲಿಲ್ಲ ಸಿಂಧು. ತಡೆಯಬೇಕಿತ್ತೇನೋ. ನನ್ನ ಮನಸ್ಸಿನಲ್ಲೂ ಅದೇ ಇತ್ತೇನೋ. ನೀನು ಹೇಳು, ಬೇರೆ ಯಾರಿಗೆ ಸಾಧ್ಯ?

ಶೋಭಾ


ಕೆತ್ತಿ
8 ಜುಲೈ 2024

ಶೋಭಾರಾಣಿಯವರಿಗೆ,

ನಿಮ್ಮ ಮನೆಯವರು ಊಟಿ ಮಾರ್ಕೆಟ್ಟಿನ ಎದುರು, ಎಲ್ಲರೂ ನೋಡುತ್ತಿರುವಾಗ, ನನ್ನ ತಮ್ಮನನ್ನು ಅಂಗಡಿಯಿಂದ ಕಾಲರ್ ಹಿಡಿದು ಎಳೆದು ಹೊಡೆದರು. "ಹೆಂಗಸರು ಬಟ್ಟೆ ಬದಲಾಯಿಸೋದನ್ನ ನೋಡೋ ನಾಯಿ" ಎಂದರು. ತಮಿಳಿನಲ್ಲಿ ಅಂದರು, ಎಲ್ಲರಿಗೂ ತಿಳಿಯಲೆಂದು. ಆಮೇಲೆ ಜೇಬಿನಿಂದ ನನ್ನ ಕಾಗದ ತೆಗೆದು, ನಾನು ಬರೆದ ಒಂದು ಸಾಲನ್ನು ಗಟ್ಟಿಯಾಗಿ ಓದಿ, "ಇವನ ಅಕ್ಕನೇ ಒಪ್ಪಿಕೊಂಡಿದಾಳೆ" ಎಂದರಂತೆ. "ತೆಗೆದಿದ್ದೇನೆ" ಎಂಬ ಮುಂದಿನ ಸಾಲನ್ನು ಓದಲಿಲ್ಲ.

ಅವರು ದೂರು ಕೊಟ್ಟರು, ಪೊಲೀಸರು ಮನೋಜನನ್ನು ಠಾಣೆಗೆ ಕರೆದರು. ಬಿಟ್ಟರು, ಆದರೆ ಊರು ಬಿಡಬಾರದು ಎಂದಿದ್ದಾರೆ. ಅಂಗಡಿಗೆ ರಿಪೇರಿಗೆ ಕೊಟ್ಟಿದ್ದವರೆಲ್ಲ ಬಂದು ತಮ್ಮ ತಮ್ಮ ಕಂಪ್ಯೂಟರ್ ವಾಪಸು ಒಯ್ದರು. ನಮ್ಮ ಹಟ್ಟಿಯ ಹೆಂಗಸರೂ ಕೂಡ. ಅವನು ಬಾಗಿಲು ಹಾಕಿ ಬಂದು, ಚಿಕ್ಕಪ್ಪನ ಟೀ ತೋಟದ ಶೆಡ್ಡಿನಲ್ಲಿ ಮಲಗುತ್ತಿದ್ದಾನೆ. ಊಟ ಕೊಡಲು ಹೋದರೆ ಒಂದೇ ಮಾತು: "ಅಕ್ಕಾ, ನಾ ಏನೂ ಮಾಡಿಲ್ಲೆ." ರಸ್ತೆಯಲ್ಲಿ ಜೀಪಿನ ಸದ್ದಾದರೆ ನಿಮ್ಮ ಮನೆಯವರೇ ಮತ್ತೆ ಬಂದರೆಂದು ಎದ್ದು ಕೂರುತ್ತಾನೆ. ಅವನು ಏನಾದರೂ ಮಾಡಿಕೊಂಡಾನು ಎಂಬ ಭಯದಲ್ಲಿ ಅವ್ವೆ ಶೆಡ್ಡಿನ ಬಾಗಿಲಲ್ಲೇ ಕೂತಿರುತ್ತಾಳೆ.

ನಿನ್ನ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಈಗ ಅದು ನಮ್ಮ ಮನೆಗೂ ಬಂದಿದೆ.

ಇನ್ನು ನನಗೆ ಬರೆಯಬೇಡ.

ಸಿಂಧುಜಾ


ಮಾವನಲ್ಲ
27 ಆಗಸ್ಟ್ 2024

ಸಿಂಧು,

ಬರೆಯಬೇಡ ಎಂದಿದ್ದೆ. ಇದೊಂದನ್ನು ಓದು. ಆಮೇಲೆ ಬೇಕಾದರೆ ಹರಿದು ಹಾಕು.

ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ಕೋಚಿಂಗ್ ಕಂಪನಿಯಿಂದ ಒಂದು ನೋಟೀಸ್ ಬಂತು. ಒಂದು ಪರವಾನಗಿಗೆ ಒಬ್ಬರೇ ವೀಕ್ಷಕರು ಎಂಬುದು ನಿಯಮವಂತೆ. ಮೇ ತಿಂಗಳಲ್ಲಿ ನಾನು ಪಾಠ ನೋಡುತ್ತಿದ್ದಾಗ ಕೋಣೆಯಲ್ಲಿ "ಎರಡನೆಯ ವೀಕ್ಷಕರು" ಇದ್ದುದು ದಾಖಲಾಗಿದೆಯಂತೆ. ಇದು ಪಾಠಗಳ ಕಳ್ಳತನ, ಕೋರ್ಟಿಗೆ ಎಳೆಯುತ್ತೇವೆ ಎಂದು ಬರೆದಿದ್ದಾರೆ. ಸಾಕ್ಷಿಗೆ ಒಂದು ಫೋಟೋ ಲಗತ್ತಿಸಿದ್ದಾರೆ.

ಫೋಟೋದಲ್ಲಿ ನಾನಿದ್ದೇನೆ ಸಿಂಧು. ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು, ಪುಟ್ಟಿಗೆ ಹಾಲು ಕುಡಿಸುತ್ತ ಪಾಠ ನೋಡುತ್ತಿದ್ದೇನೆ. ಸೆರಗಿಲ್ಲ. ಪಕ್ಕದಲ್ಲಿ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಾರೆ. ಅವರ ಮುಖದ ಸುತ್ತ ಒಂದು ಕೆಂಪು ಚೌಕ. ಅವರೇ ಎರಡನೆಯ ವೀಕ್ಷಕರು. ಕೆಳಗೆ ಕಂಪನಿಯ ಹೆಸರು, ನನ್ನ ಪರವಾನಗಿಯ ಸಂಖ್ಯೆ, ತಾರೀಕು.

ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅತ್ತೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದ್ಯಾರವ್ವ ನಾನಾ? ನಮ್ಮನೇಲಿ ನಾ ಬೆಳ್ಳುಳ್ಳಿ ಬುಡುಸ್ಕಂಡು ಕೂತ್ರ ಇವನ್ಗ್ಯಾಕ ಲೆಕ್ಕ?" ಎಂದರು. ಆಮೇಲೆ ನನ್ನನ್ನು ನೋಡಿ, ಫೋಟೋವನ್ನು ತಮ್ಮ ಸೆರಗಿನಲ್ಲಿ ಮುಚ್ಚಿಕೊಂಡರು.

ಜಗದೀಶ್ ಅದನ್ನು ನೋಡಿ ಜಗಲಿಯ ಮೇಲೆ ಕುಕ್ಕರಿಸಿದರು. ಕೊನೆಗೆ "ಆ ಹುಡುಗ ಅಲ್ಲ" ಎಂದರು. ಅಷ್ಟೇ.

ಪಾಠ ಹಾಕಿದಾಗ ಮೊದಲ ದಿನ "ಒಪ್ಪಿದ್ದೇನೆ" ಎಂಬ ಜಾಗ ಒತ್ತಿದ್ದೆ. ಅದನ್ನು ಒತ್ತದೆ ಪಾಠ ತೆರೆಯುತ್ತಿರಲಿಲ್ಲ. ಅದರ ಜೊತೆ ಏನು ನನ್ನ ಮನೆಯೊಳಗೆ ಬಂದು ಕೂತಿತೋ ನನಗೆ ಗೊತ್ತಿಲ್ಲ. ಇಂಥ ಫೋಟೋ ಎಷ್ಟಿವೆ, ಯಾರ ಮೇಜಿನ ಮೇಲಿವೆ? ಪುಟ್ಟಿಗೆ ಹಾಲು ಕುಡಿಸಲು ಈಗ ಅಡುಗೆಮನೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತೇನೆ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಮನೋಜನಿಗೆ ಹೇಳು. ಮೊದಲು ಅವನಿಗೆ ಹೇಳು.

ಶೋಭಾ


ಕೆತ್ತಿ
4 ಸೆಪ್ಟೆಂಬರ್ 2024

ಶೋಭಾ,

ಓದಿದೆ. ಅವನಿಗೂ ಓದಿ ಹೇಳಿದೆ. ಅವನು ಎದ್ದು ಹೋಗಿ ತೋಟದಲ್ಲಿ ನಿಂತು ಅತ್ತ. ಅವ್ವೆ "ಈಗ ಅಳ್ತಾನೆ, ಬದುಕಿದ" ಎಂದಳು.

ಆ ಕಂಪ್ಯೂಟರಿನಿಂದ ಏನನ್ನೂ ಅಳಿಸಬೇಡ. ಪೆನ್‌ಡ್ರೈವ್ ಬಿಸಾಕಬೇಡ. ನೋಟೀಸಿನ ಲಕೋಟೆಯನ್ನೂ ಇಟ್ಟುಕೋ. ಊಟಿಯಲ್ಲಿ ಧರ್ಮಲಿಂಗಂ ಎಂಬ ವಕೀಲರಿದ್ದಾರೆ, ಗ್ರಾಹಕರ ಆಯೋಗದಲ್ಲಿ ನಮ್ಮ ಹಟ್ಟಿಯವರ ಒಂದು ಕೇಸು ನಡೆಸಿದ್ದರು. ಶನಿವಾರ ಅವರ ಆಫೀಸಿಗೆ ಎಲ್ಲವನ್ನೂ ತಾ. ಮನೋಜ್ ಅಲ್ಲಿಗೆ ಬರುತ್ತಾನೆ. ನಿಮ್ಮ ಮನೆಗೆ ಬರುವುದಿಲ್ಲ. ಜಗದೀಶ್ ಬರುವುದಿದ್ದರೆ ಹೊರಗೆ ನಿಲ್ಲಲಿ.

ಸಿಂಧುಜಾ


ಮಾವನಲ್ಲ
17 ಸೆಪ್ಟೆಂಬರ್ 2024

ಸಿಂಧು,

ಶನಿವಾರ ಆಫೀಸಿನಲ್ಲಿ ನಿನ್ನ ಮುಖ ನೋಡಿ ಮಾತಾಡಲು ಆಗಲಿಲ್ಲ. ಎಷ್ಟು ಸೊರಗಿದ್ದೀಯ.

ಮನೋಜ್ ನನ್ನ ಕಡೆ ತಿರುಗಲೇ ಇಲ್ಲ, ವಕೀಲರಿಗೆ ಮಾತ್ರ ವಿವರಿಸಿದ. ಎಲ್ಲ ತಿಳಿಯಲಿಲ್ಲ, ತಿಳಿದಷ್ಟೇ ನನ್ನನ್ನು ಹೆದರಿಸಲು ಸಾಕು. ಕಂಪ್ಯೂಟರನ್ನು ಮಾಮೂಲಿಯಾಗಿ ತೆರೆದು ಹುಡುಕಿದರೆ "ಇಲ್ಲಿ ಏನೂ ಇಲ್ಲ" ಎನ್ನುತ್ತದೆ. ಅದನ್ನೇ ಬೇರೆ ಡಿಸ್ಕ್‌ನಿಂದ ಶುರು ಮಾಡಿ ನೋಡಿದರೆ ಕಂಪನಿಯ ಹೆಸರಿನ ಫೈಲುಗಳು ಸಾಲಾಗಿ ಕೂತಿವೆ. ಪೆನ್‌ಡ್ರೈವ್ ಹಾಕದಿದ್ದರೂ, ಪಾಠವೇ ಬೇಡ, ಯಾವ ವಿಡಿಯೊ ಹಾಕಿದರೂ ಅದು ಎದ್ದು ಕ್ಯಾಮೆರಾ ತೆರೆಯುತ್ತದೆ, ನೆಟ್ ಸಿಕ್ಕಾಗ ಚಿತ್ರವನ್ನು ಕಂಪನಿಗೆ ಕಳಿಸುತ್ತದೆ. ನಾವೇನಾದರೂ ಅವರ ಪಾಠವನ್ನು ಫೋನಿನಲ್ಲಿ ತೆಗೆಯುತ್ತಿದ್ದೇವೆಯೇ ಎಂದು ನೋಡುವ ಕಾವಲುಗಾರ. ಹುಟ್ಟುಹಬ್ಬದ ವಿಡಿಯೊ ನಕಲಾಗದಂತೆ ಮಾಡಿದ್ದೂ ಅದೇ. ಕಿತ್ತುಹಾಕಲು ಹೋದರೆ ಕಂಪ್ಯೂಟರ್ ಮತ್ತೆ ತೆರೆಯದೇ ಇರಬಹುದಂತೆ.

ಆಯೋಗಕ್ಕೆ ಕಂಪನಿಯ ಮೇಲೆ ಹಾಕುವ ದೂರಿನ ಜೊತೆ ನೋಟೀಸ್ ಕೊಟ್ಟಿದ್ದೇನೆ. ಫೋಟೋ ಕೊಟ್ಟಿಲ್ಲ. ವಕೀಲರು ಕೇಳಿದರು, ನಾನು ಆಗುವುದಿಲ್ಲ ಎಂದೆ. ಅತ್ತೆಯ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಲ್ಲಿದೆ. ಅಲ್ಲೇ ಇರಲಿ.

ಶೋಭಾ


ಕೆತ್ತಿ
21 ನವೆಂಬರ್ 2024

ಶೋಭಾ,

ಕಂಪನಿಯ ಉತ್ತರ ಬಂದಿದೆ. ಧರ್ಮಲಿಂಗಂ ನಿನಗೂ ಹೇಳುತ್ತಾರೆ, ಆದರೆ ಮೊದಲು ನನ್ನಿಂದ ತಿಳಿಯಲಿ.

ತಮ್ಮ ಸಾಫ್ಟ್‌ವೇರ್ ಕ್ಯಾಮೆರಾವನ್ನು ಮುಟ್ಟುವುದೇ ಇಲ್ಲವಂತೆ. ನೋಟೀಸಿನಲ್ಲಿ "ದಾಖಲಾಗಿದೆ" ಎಂದದ್ದು ಬೇರೆ ಅರ್ಥದಲ್ಲಂತೆ. ಇದು ಹಳೆಯ ಕಂಪ್ಯೂಟರ್, ಮಾರಿದವನ ಮೇಲೆ ಈಗಾಗಲೇ ಪೊಲೀಸ್ ದೂರು ಇದೆ, ಆ ಫೈಲುಗಳನ್ನು ತಮ್ಮ ಹೆಸರಿನಲ್ಲಿ ಅವನೇ ಸೇರಿಸಿರಬಹುದು ಎಂದು ಬರೆದಿದ್ದಾರೆ. ನಿನ್ನ ಗಂಡ ಕೊಟ್ಟ ದೂರನ್ನೇ ಸಾಕ್ಷಿಯಾಗಿ ಲಗತ್ತಿಸಿದ್ದಾರೆ.

ಮನೋಜ್ ಮತ್ತೆ ಶೆಡ್ಡಿಗೆ ಹೋಗಿದ್ದಾನೆ.

ಕ್ಯಾಮೆರಾದಿಂದ ನೋಡಿದ್ದಕ್ಕೆ ಸಾಕ್ಷಿಯಾಗಿ ಅವರ ಕೈಯಿಂದ, ಅವರ ಹೆಸರಿನಡಿ, ಅವರ ಲಕೋಟೆಯಲ್ಲಿ ಬಂದದ್ದು ಆ ಫೋಟೋ ಒಂದೇ. ಅದು ಎಲ್ಲಿದೆ ಎಂದು ನನಗೆ ಗೊತ್ತು, ಅದರಲ್ಲಿ ಏನಿದೆ ಎಂದೂ ಗೊತ್ತು. ಅದಕ್ಕೇ ನಾನು ಬಾಯಿಬಿಟ್ಟು ಕೇಳಲಾರೆ. ಅದು ನಾನಾಗಿದ್ದರೆ ಏನು ಮಾಡುತ್ತಿದ್ದೆನೋ, ಸತ್ಯವಾಗಿ ಗೊತ್ತಿಲ್ಲ.

ಸಿಂಧು


ಮಾವನಲ್ಲ
2 ಡಿಸೆಂಬರ್ 2024

ಸಿಂಧು,

ನೀನು ಕೇಳಲಿಲ್ಲ. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಜಗದೀಶ್ ಖಂಡಿತ ಬೇಡ ಎಂದರು. "ಕೋರ್ಟಿನ ಫೈಲಿಗೆ ಹೋದ್ರೆ ಗುಮಾಸ್ತ ನೋಡ್ತಾನೆ, ಜವಾನ ನೋಡ್ತಾನೆ. ನಾಳೆ ಮಸಿನಗುಡಿ ಸ್ಟ್ಯಾಂಡ್ನಲ್ಲಿ ಫೋನಿಂದ ಫೋನಿಗೆ ಹೋಗ್ತದೆ. ಆಗ ನಾನು ಜೀಪ್ ಎಲ್ಲಿ ನಿಲ್ಲಿಸ್ಲಿ?" ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಏಕೆಂದರೆ ನನ್ನ ಭಯವೂ ಅದೇ. ಕನಸಿನಲ್ಲಿ ನಾನು ಬಸ್ಸು ಹತ್ತುತ್ತೇನೆ, ಬಸ್ಸಿನಲ್ಲಿರುವವರೆಲ್ಲ ಕೈಯಲ್ಲಿ ಫೋನ್ ಹಿಡಿದು ನನ್ನನ್ನೂ ಫೋನನ್ನೂ ನೋಡುತ್ತಾರೆ.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಪುಟ್ಟಲಿಂಗಮ್ಮ ಎದ್ದು ಬಂದರು ಎಂದರೆ ನಮ್ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

"ಫೋಟದಲ್ಲಿ ನಾನೂ ಇವ್ನಿ ಕಣ್ಲಾ" ಎಂದರು ಮಗನಿಗೆ. "ಕೆಂಪುಗೆರೆ ಹಾಕಿರಾದು ನನ್ನ ಮುಖಕ್ಕ. ಮಗೀಗ ಹಾಲು ಕೊಡಾದು ಅವಮಾನನಾ? ಕದ್ದು ನೋಡ್ದೋನ್ಗ ಅವಮಾನ ಆಗ್ಬೇಕು. ಆ ಹುಡ್ಗುನ್ಗ ನೀ ಬೀದೀಲಿ ಹೊಡ್ದಲ್ಲ, ಅದು ಅವಮಾನ."

ಜಗದೀಶ್ ಎದ್ದು ಹೊರಗೆ ಹೋದರು. ಅತ್ತೆ ಟ್ರಂಕ್ ತೆಗೆದು ಫೋಟೋವನ್ನು ನನ್ನ ಕೈಗೆ ಕೊಟ್ಟು, "ಕೊಡಾದು ಬುಡಾದು ನಿಂದು ಕಣವ್ವ. ನಾ ಬಲವಂತ ಮಾಡಕಿಲ್ಲ" ಎಂದರು.

ನಾಳೆ ಧರ್ಮಲಿಂಗಂ ಅವರಿಗೆ ಕೊಡುತ್ತೇನೆ, ಮುಚ್ಚಿದ ಲಕೋಟೆಯಲ್ಲಿ. ಆಯೋಗದ ಸದಸ್ಯರು ಮಾತ್ರ ನೋಡಬೇಕೆಂದು ಅರ್ಜಿ ಹಾಕುತ್ತಾರಂತೆ. ಧೈರ್ಯ ಬಂದಿದೆ ಎಂದುಕೊಳ್ಳಬೇಡ. ಬಂದಿಲ್ಲ. ಹೆದರಿಕೊಂಡೇ ಕೊಡುತ್ತಿದ್ದೇನೆ.

ಶೋಭಾ


ಮಾವನಲ್ಲ
14 ಫೆಬ್ರವರಿ 2025

ಸಿಂಧು,

ಆಯೋಗದ ವಿಚಾರಣೆಗೆ ನಿನಗೆ ರಜೆ ಸಿಗದೆ ನೀನು ಬರಲಿಲ್ಲ. ಮನೋಜ್ ಮನೆಗೆ ಬಂದು ಏನೂ ಹೇಳಿರಲಿಕ್ಕಿಲ್ಲ, ಅದಕ್ಕೇ ನಾನು ಬರೆಯುತ್ತೇನೆ.

ಒಳಗೆ ಕರೆಯುವ ಮೊದಲು ಕಂಪನಿಯ ವಕೀಲರು ವರಾಂಡದಲ್ಲಿ ನನ್ನ ಹತ್ತಿರ ಬಂದು, ಬಹಳ ಮೃದುವಾಗಿ, "ಆ ಲಕೋಟೆ ವಾಪಸ್ ತಗೊಳ್ಳಿ ಅಮ್ಮಾ. ನಾವೂ ಎಲ್ಲ ಅಳಿಸ್ತೀವಿ. ಯಾರೂ ನೋಡೋದೇ ಬೇಡ. ನಿಮ್ಮಂಥ ಮನೆತನದವರಿಗೆ ಯಾಕೆ ಇದು" ಎಂದರು. ಅದು ಬೆದರಿಕೆಯೋ ಕರುಣೆಯೋ ತಿಳಿಯಲಿಲ್ಲ. ಅತ್ತೆ ನನ್ನ ಮುಂದೆ ಬಂದು ನಿಂತರು, ವಕೀಲರು ಹೋದರು.

ಒಳಗೆ ಕಂಪನಿಯವರ ವಾದ ಒಂದೇ. ಇವರು "ಒಪ್ಪಿದ್ದೇನೆ" ಎಂದು ಒತ್ತಿದ್ದಾರೆ, ಪಾಠದ ಹಕ್ಕು ಕಂಪನಿಯದು, ಕಾಯ್ದುಕೊಳ್ಳುವ ಅಧಿಕಾರ ಕಂಪನಿಗಿದೆ. ಉಳಿದದ್ದು ಮಾರಿದವನ ಕೆಲಸ ಎಂದು ಮನೋಜನ ಕಡೆ ಕೈ ತೋರಿಸಿದರು. ಅವನು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ಆಯೋಗದವರು ನನ್ನನ್ನು ಕೇಳಿದರು. ಎದ್ದು ನಿಂತೆ. ಮುಂದಿನ ಕಟಕಟೆ ಹಿಡಿದುಕೊಂಡೆ. ತಮಿಳಿನಲ್ಲಿ ಹೇಳಿದೆ, "ಪಾಠ ನೋಡೋದಕ್ಕೆ ಒತ್ತಿದೆ. ಅವರು ನನ್ನ ಮನೆ ನೋಡಲಿ ಅಂತ ಒತ್ತಲಿಲ್ಲ." ಅಷ್ಟು ಹೇಳಿ ಕೂತೆ.

ಸದಸ್ಯರಲ್ಲಿ ಒಬ್ಬರು ಹೆಂಗಸು. ಅವರು ಲಕೋಟೆ ಒಡೆದರು. ಫೋಟೋ ನೋಡಿ, ಪಕ್ಕದವರಿಗೆ ಕೆಳಗಿನ ಅಕ್ಷರಗಳನ್ನಷ್ಟೇ ತೋರಿಸಿ, ಮೇಲಿನ ಭಾಗವನ್ನು ಅಂಗೈಯಿಂದ ಮುಚ್ಚಿಕೊಂಡರು. ಆಮೇಲೆ ಕವುಚಿ ಇಟ್ಟರು.

"ಈ ಚಿತ್ರ ತೆಗೆದವರು ಯಾರು?" ಎಂದು ಆ ವಕೀಲರನ್ನು ಕೇಳಿದರು.

"ಯಾರೂ ತೆಗೆದಿಲ್ಲ ಮೇಡಂ. ಅದು ಸಾಫ್ಟ್‌ವೇರ್ ತಾನಾಗಿ..."

"ಯಾರ ಸಾಫ್ಟ್‌ವೇರ್?"

ಅವರು ಕಾಗದ ತಿರುವಿದರು. ಮತ್ತೆ ಕೇಳಿದಾಗ "ನಮ್ಮ ಕಕ್ಷಿದಾರರದು" ಎಂದರು. ಮನೋಜ್ ತಲೆ ಎತ್ತಿದ.

ಕೊನೆಯ ತೀರ್ಪು ಇನ್ನೂ ಬಾಕಿ. ಸದ್ಯಕ್ಕೆ ಕಂಪನಿ ನನ್ನ ಚಿತ್ರಗಳ ಲೆಕ್ಕ ಒಪ್ಪಿಸಿ ಅಳಿಸಬೇಕು, ಕಂಪ್ಯೂಟರ್ ಕೆಡದಂತೆ ಆ ಕಾವಲುಗಾರನನ್ನು ತೆಗೆದುಕೊಡಬೇಕು, ಪಾಠ ಕೊಂಡವರಿಗೆಲ್ಲ ಇಂಥದ್ದು ಇದೆ ಎಂದು ತಿಳಿಸಬೇಕು. ಇಂಥ ಚಿತ್ರಗಳು ಇನ್ನೆಷ್ಟು ಮನೆಗಳವು ನಿಮ್ಮಲ್ಲಿವೆ ಎಂದು ಆ ಹೆಂಗಸು ಕೇಳಿದರು. ವಕೀಲರು ಹೇಳಲು ಸಮಯ ಬೇಕೆಂದರು. ಲೆಕ್ಕ ಹಾಕಲೇ ಸಮಯ ಬೇಕಾದಷ್ಟು ಮನೆಗಳು. ಆ ಹೆಣ್ಣುಮಕ್ಕಳು ಈ ಹೊತ್ತೂ ಪಾಠ ನೋಡುತ್ತ ಕೂತಿರಬಹುದು, ದೀಪ ಗಮನಿಸದೆ.

ಹೊರಗೆ ಮನೋಜನ ಹತ್ತಿರ ಹೋದೆ. ಅವನು ಕೈ ಮುಗಿದು ಮೆಟ್ಟಿಲಿಳಿದು ಹೋದ. ಜಗದೀಶ್ ದೂರದಲ್ಲಿ ನಿಂತಿದ್ದರು.

ಶೋಭಾ


ಕೆತ್ತಿ
3 ಮಾರ್ಚ್ 2025

ಶೋಭಾ,

ಜಗದೀಶ್ ನಿನಗೆ ಹೇಳಿದ್ದಾರೋ ಇಲ್ಲವೋ. ಹೇಳಿರಲಿಕ್ಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಮನೋಜ್ ಎರಡು ವಾರದಿಂದ ಅಂಗಡಿಗೆ ಹೋಗುತ್ತಿದ್ದ. ಆದರೆ ಶಟರ್ ಅರ್ಧ ಇಳಿಸಿಕೊಂಡು ಒಳಗೆ ಕೂರುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಶನಿವಾರ ನಾನು ಊಟ ಕೊಡಲು ಹೋಗಿದ್ದೆ. ಜೀಪ್ ನಿಂತ ಸದ್ದಿಗೆ ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಜಗದೀಶ್ ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತರು. ಮಾರ್ಕೆಟ್ಟಿನ ಗದ್ದಲ ನಿನಗೆ ಗೊತ್ತಲ್ಲ, ಕ್ಯಾರೆಟ್ ಮೂಟೆ ಇಳಿಸುತ್ತಿದ್ದರು. ಅದರ ಮೇಲೆ ಕೇಳುವಂತೆ ತಮಿಳಿನಲ್ಲಿ ಕೂಗಿ ಹೇಳಿದರು: "ಈ ಅಂಗಡಿಯವನಿಗೆ ನಾನು ಹೊಡೆದೆ. ಅವನು ಏನೂ ಮಾಡಿರಲಿಲ್ಲ. ಬೇರೆಯವರು ಮಾಡಿದ್ದು. ಆಯೋಗದಲ್ಲಿ ಒಪ್ಪಿಕೊಂಡಿದ್ದಾರೆ." ಮೂಟೆ ಇಳಿಸುವವರು ಒಂದು ಕ್ಷಣ ನಿಂತು ನೋಡಿದರು. ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಜಗದೀಶ್ ಮತ್ತೊಮ್ಮೆ ಹೇಳಿದರು, ಇನ್ನೂ ಗಟ್ಟಿಯಾಗಿ. ಪೊಲೀಸ್ ದೂರನ್ನೂ ವಾಪಸ್ ತೆಗೆದುಕೊಂಡೆ ಎಂದು ಸೇರಿಸಿದರು.

ಮನೋಜ್ ಹೊರಗೆ ಬರಲಿಲ್ಲ. ಗೋಡೆಗೆ ಒರಗಿ ಕೇಳುತ್ತಿದ್ದ. ನಾನು ಅವನ ಭುಜ ಹಿಡಿದೆ, ಚಿಕ್ಕವನಿದ್ದಾಗ ಮಂಜಿನಲ್ಲಿ ನಡುಗುತ್ತಿದ್ದನಲ್ಲ, ಹಾಗೆ ನಡುಗುತ್ತಿದ್ದ. ಜೀಪ್ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಾ, ಹೋದರಾ?" ಎಂದ. ಹೋದರು ಎಂದೆ. ಕೈ ತೊಳೆದುಕೊಂಡು ಬಂದು ಶಟರ್ ಪೂರ್ತಿ ಮೇಲಕ್ಕೆ ತಳ್ಳಿದ. ಬೆಳಕು ಒಳಗೆ ಬಂದು ಮೇಜಿನ ಮೇಲಿನ ಧೂಳೆಲ್ಲ ಕಂಡಿತು. ಅವನು ಬಟ್ಟೆ ಹುಡುಕಿ ಒರೆಸತೊಡಗಿದ.

ಭಾನುವಾರ ನಾನು ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅತ್ತೆಯ ಕಾಲು ಮುಟ್ಟಬೇಕು, ಪುಟ್ಟಿಯನ್ನು ಎತ್ತಿಕೊಳ್ಳಬೇಕು. ಮನೋಜ್ ಬರುವುದಿಲ್ಲ. ಅವನನ್ನು ಕರೆಯಬೇಡ, ಇನ್ನೂ ಸ್ವಲ್ಪ ದಿನ ಬೇಕು ಅವನಿಗೆ.

ನಿನ್ನ
ಸಿಂಧು